ಕೈ ಎತ್ತಿದ್ದು ಯಾತಕ್ಕೆ

ಕಾಗದದ ವಿಮಾನ ಬೀರುವಿನ ಮೇಲೆ ಹೋಗಿ ಕೂತಿತ್ತು. ಅಕ್ಕನ ಮಗ ಕೆಳಗೆ ನಿಂತು "ಚಿಕ್ಕಮ್ಮ, ಬೇಗ ತೆಗೆದುಕೊಡು, ಬೇಗ" ಅಂತ ಕುಣಿಯುತ್ತಿದ್ದ. ಚಾಚಿ ತೆಗೆದುಕೊಟ್ಟೆ. ಅವನು ಕಿತ್ತುಕೊಂಡು ಓಡಿಹೋದ. ಆಮೇಲೆ ನನಗೆ ಹೊಳೆಯಿತು, ನಾನು ಎತ್ತಿದ್ದು ಬಲಗೈ.

ಆ ಕೈ ಅಷ್ಟು ಮೇಲೆ ಹೋಗುವ ಹಾಗಿರಲಿಲ್ಲ. ಎರಡು ತಿಂಗಳ ಹಿಂದೆ ಮೆಟ್ಟಿಲಲ್ಲಿ ಜಾರಿ ಬಿದ್ದು ಭುಜದ ಹತ್ತಿರ ಮೂಳೆ ಸೀಳು ಬಿಟ್ಟಿತ್ತು. ವಾರಗಟ್ಟಲೆ ಕೈಯನ್ನು ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಇಟ್ಟುಕೊಂಡೇ ಓಡಾಡಿದ್ದೆ. ಪಟ್ಟಿ ಬಿಚ್ಚಿದ ಮೇಲೆ ಫಿಸಿಯೋಥೆರಪಿ ಶುರುವಾಯಿತು. ಗೋಡೆಗೆ ಎದುರಾಗಿ ನಿಲ್ಲಬೇಕು. ಬೆರಳುಗಳನ್ನು ಗೋಡೆಯ ಮೇಲೆ ಇರುವೆ ಹತ್ತಿದ ಹಾಗೆ ಒಂದೊಂದೇ ಹೆಜ್ಜೆ ಮೇಲಕ್ಕೆ ನಡೆಸಬೇಕು. ಇನ್ನು ಆಗಲ್ಲ ಅನ್ನಿಸಿದ ಕಡೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯಬೇಕು. ದಿನಕ್ಕೊಂದು ಗೆರೆ. ಹನ್ನೆರಡು ದಿನದ ಹನ್ನೆರಡು ಗೆರೆಗಳು ನನ್ನ ಹಣೆಯ ಎತ್ತರದಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಕೂತಿದ್ದವು. ಕೊನೆಯ ನಾಲ್ಕಂತೂ ಸೇರಿ ಒಂದೇ ದಪ್ಪ ಗೆರೆಯಾಗಿತ್ತು.

ಬೀರು ಇರುವುದು ಅದೇ ಗೋಡೆಯ ಪಕ್ಕದಲ್ಲಿ. ವಿಮಾನ ತೆಗೆದ ಜಾಗವನ್ನೂ ಗೆರೆಯನ್ನೂ ಹೋಲಿಸಿ ನೋಡಿದೆ. ಒಂದು ಗೇಣಿಗಿಂತ ಜಾಸ್ತಿ ವ್ಯತ್ಯಾಸ. ತುದಿಗಾಲಲ್ಲಿ ನಿಂತಿದ್ದೆ, ಮೈ ಒಂದು ಕಡೆ ಓರೆಯಾಗಿತ್ತು, ನಿಜ. ಅದನ್ನೆಲ್ಲ ಕಳೆದರೂ ನಾಲ್ಕು ಬೆರಳಿನಷ್ಟು ಉಳಿಯುತ್ತಿತ್ತು. ಆ ನಾಲ್ಕು ಬೆರಳು ಎಲ್ಲಿಂದ ಬಂತು? ತಕ್ಷಣ ಗೋಡೆಗೆ ಎದುರಾಗಿ ನಿಂತು ಮತ್ತೆ ಬೆರಳು ನಡೆಸಿದೆ. ಅದೇ ದಪ್ಪ ಗೆರೆಯ ಹತ್ತಿರ ಬಂದು ಕೈ ನಿಂತಿತು. ನೋವು ನಿಜವಾಗಿಯೂ ಇತ್ತು. ನಟನೆ ಮಾಡಲು ಅಲ್ಲಿ ಯಾರೂ ಇರಲಿಲ್ಲ.

ಮಾರನೇ ದಿನ ಫಿಸಿಯೋಥೆರಪಿಸ್ಟ್‌ಗೆ ಹೇಳಿದೆ. ಅವರಿಗೆ ಒಂದಿಷ್ಟೂ ಆಶ್ಚರ್ಯ ಆಗಲಿಲ್ಲ. "ಹಾಗಾದ್ರೆ ಗೋಡೆ ಬಿಡಿ ಮೇಡಂ, ನಾಳೆಯಿಂದ ಬಟ್ಟೆ ಒಣಗಿಸಿ" ಅಂದರು. ಒಣಗಿಸಿದೆ. ಕೈ ಬಂತು, ನಿಧಾನವಾಗಿ. ಅದು ಹೇಗೂ ಬರುತ್ತಿತ್ತೇನೋ. ಆದರೆ ಆ ನಾಲ್ಕು ಬೆರಳಿನ ಲೆಕ್ಕ ನನ್ನನ್ನು ಬಿಡಲಿಲ್ಲ. ಮೂಳೆ ಅದೇ, ಸ್ನಾಯು ಅದೇ, ಗಂಟೆಯೂ ಅದೇ. ಬದಲಾಗಿದ್ದು ಒಂದೇ. ಒಂದು ಸಲ ಕೈ ಎತ್ತುವುದಕ್ಕಾಗಿ ಕೈ ಎತ್ತಿದ್ದೆ. ಇನ್ನೊಂದು ಸಲ ವಿಮಾನಕ್ಕಾಗಿ ಎತ್ತಿದ್ದೆ.

ಇದನ್ನು ನನಗಿಂತ ಎಷ್ಟೋ ಮೊದಲು ಅಳತೆ ಹಿಡಿದು ನೋಡಿದವರಿದ್ದಾರೆ. ಎರಡನೇ ಮಹಾಯುದ್ಧದ ಕಾಲ. ಸೋವಿಯತ್ ಮನೋವಿಜ್ಞಾನಿಗಳಾದ ಅಲೆಕ್ಸೈ ಲಿಯೊಂಟಿಯೆವ್ ಮತ್ತು ಅಲೆಕ್ಸಾಂಡರ್ ಜಪೊರೊಝೆಟ್ಸ್ ಯುರಲ್ ಬೆಟ್ಟಗಳ ಕಡೆ, ಸ್ವೆರ್ಡ್‌ಲೋವ್‌ಸ್ಕ್ ನಗರದ ಹತ್ತಿರದ ಒಂದು ಸೇನಾ ಆಸ್ಪತ್ರೆಯಲ್ಲಿ ಕೈಗೆ ಗಾಯವಾದ ಸೈನಿಕರ ಜೊತೆ ಕೆಲಸ ಮಾಡುತ್ತಿದ್ದರು. ಸೈನಿಕನಿಗೆ ಮೊದಲು ಕಣ್ಣು ಮುಚ್ಚಿಕೊಂಡು ಕೈಯನ್ನು ಆದಷ್ಟು ಮೇಲೆತ್ತು ಅನ್ನುತ್ತಿದ್ದರು. ಆಮೇಲೆ ಕಣ್ಣು ಬಿಟ್ಟುಕೊಂಡು ಅದನ್ನೇ ಮಾಡು. ಆಮೇಲೆ ಎದುರಿನ ಪರದೆಯಲ್ಲಿರುವ ಇಂಥ ಗುರುತನ್ನು ಮುಟ್ಟು. ಕೊನೆಗೆ ಮೇಲೆ ತೂಗುಹಾಕಿದ ಒಂದು ವಸ್ತುವನ್ನು ತೆಗೆದುಕೋ. ಪ್ರತಿ ಹಂತದಲ್ಲೂ ಕೈ ಹಿಂದಿನದಕ್ಕಿಂತ ಮೇಲೆ ಹೋಗುತ್ತಿತ್ತು. 1945ರಲ್ಲಿ ಅವರು ಇದನ್ನೆಲ್ಲ ಪ್ರಕಟಿಸಿದರು. ಕೈ ಎತ್ತು ಅಂದಾಗ ಸೈನಿಕನ ಗಮನವೆಲ್ಲ ಗಾಯದ ಮೇಲೆ, ಅದನ್ನು ಕಾಪಾಡಿಕೊಳ್ಳುವುದರ ಮೇಲೆ. ವಸ್ತು ತೆಗೆದುಕೋ ಅಂದಾಗ ಗಮನ ವಸ್ತುವಿನ ಮೇಲೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಚಲನೆ. ಒಳಗೆ ಸ್ನಾಯುಗಳು ಕೂಡಿ ಕೆಲಸ ಮಾಡುವ ರೀತಿಯೇ ಬೇರೆ.

ಇದನ್ನು ಓದಿದ ದಿನ ನನಗೆ ಸಮಾಧಾನ ಆಯಿತು. ನನ್ನ ಕೈ ಸುಳ್ಳು ಹೇಳಿರಲಿಲ್ಲ. ಗೋಡೆಯ ಮುಂದೆಯೂ ಹೇಳಿರಲಿಲ್ಲ, ಬೀರುವಿನ ಮುಂದೆಯೂ ಹೇಳಿರಲಿಲ್ಲ.

ಇನ್ನೊಂದು ಪ್ರಯೋಗವನ್ನೂ ಇಲ್ಲೇ ಹೇಳಿಬಿಡುತ್ತೇನೆ. 1928ರಲ್ಲಿ, ಬರ್ಲಿನ್‌ನಲ್ಲಿ, ಮನೋವಿಜ್ಞಾನಿ ಕುರ್ಟ್ ಲೆವಿನ್ ಅವರ ವಿದ್ಯಾರ್ಥಿನಿ ಅನಿತ್ರಾ ಕಾರ್ಸ್ಟೆನ್ ಪ್ರಕಟಿಸಿದ್ದು. ಜನರನ್ನು ಕೂರಿಸಿ ಕಾಗದದ ಮೇಲೆ ಸುಮ್ಮನೆ ಗೀಟು ಎಳೆಯಿರಿ ಅಂದರು. ಗೀಟು, ಗೀಟು, ಮತ್ತೆ ಗೀಟು. ಇನ್ನು ಒಂದು ಗೀಟನ್ನೂ ಎಳೆಯಲಾರೆ, ಕೈ ಸೋತುಹೋಯಿತು ಅನ್ನುವವರೆಗೆ. ಹಾಗೆ ಅಂದವರಿಗೆ, ಸರಿ, ಕಾಗದದ ಹಿಂದೆ ನಿಮ್ಮ ಹೆಸರು, ವಿಳಾಸ ಬರೆದುಕೊಡಿ ಅಂದರೆ ಸಲೀಸಾಗಿ ಬರೆದುಕೊಟ್ಟರು. ಕೈ ಎತ್ತಲೂ ಆಗಲ್ಲ ಅಂದವರು ಅದೇ ಕೈಯಿಂದ ತಲೆಗೂದಲು ಸರಿಮಾಡಿಕೊಂಡರು. ಅವರು ಸೋಮಾರಿಗಳಾಗಿರಲಿಲ್ಲ. ದಣಿವು ನಿಜವೇ. ಆದರೆ ಅದು ಕೈಯೊಳಗೆ ಇರಲಿಲ್ಲ. ಆ ಗೀಟುಗಳೊಳಗೆ ಇತ್ತು.

ಕಂಡಕ್ಟರ್

ವಿಮಾನದ ಹುಡುಗನ ಇನ್ನೊಂದು ಕತೆ ಇದೆ. ನಿಜವಾಗಿ ಈ ಬರಹ ಬರೆಯಬೇಕು ಅನ್ನಿಸಿದ್ದೇ ಅದರಿಂದ.

ಆಗ ಅವನಿಗೆ ಆರು ವರ್ಷ. ಶಾಲೆಯಲ್ಲಿ ಒಂದರಿಂದ ನೂರರವರೆಗೆ ಬರೆದುಕೊಂಡು ಬಾ ಅನ್ನುತ್ತಿದ್ದರು. ಅವನು ಹದಿನಾಲ್ಕಕ್ಕೋ ಹದಿನೈದಕ್ಕೋ ಬಂದು ನಿಲ್ಲುತ್ತಿದ್ದ. ಪೆನ್ಸಿಲ್ ಕೆಳಗೆ ಬೀಳುತ್ತಿತ್ತು. ನೀರು ಬೇಕು. ಕಾಲು ನೋಯುತ್ತೆ. ಬೆರಳು ನೋಯುತ್ತೆ. ಅಕ್ಕ ಮೊದಲು ಮುದ್ದಿನಿಂದ ಹೇಳುತ್ತಿದ್ದಳು, ಆಮೇಲೆ ಗದರಿಸುತ್ತಿದ್ದಳು, ಕೊನೆಗೆ ಇಬ್ಬರೂ ಮುಖ ಊದಿಸಿಕೊಂಡು ಕೂರುತ್ತಿದ್ದರು. ಬರೆದ ಹದಿನೈದರಲ್ಲೂ 7 ಉಲ್ಟಾ ತಿರುಗಿಕೊಂಡಿರುತ್ತಿತ್ತು.

ಒಂದು ರಜೆಯಲ್ಲಿ ಅವರ ಮನೆಗೆ ಹೋಗಿದ್ದೆ. ಮನೆಯ ಕುರ್ಚಿಗಳೆಲ್ಲ ಸಾಲಾಗಿ ನಿಂತಿದ್ದವು. ಬಸ್ಸು. ಹುಡುಗ ಕಂಡಕ್ಟರ್. ಹೆಗಲಿಗೆ ಅಕ್ಕನ ಹಳೇ ಕೈಚೀಲ, ಕಿವಿಯ ಮೇಲೆ ಪೆನ್ಸಿಲ್. ಹಳೇ ನೋಟ್‌ಬುಕ್ಕಿನ ಹಾಳೆಗಳನ್ನು ಎರಡು ಬೆರಳಗಲದ ಚೀಟಿ ಮಾಡಿ ಕತ್ತರಿಸಿಕೊಂಡಿದ್ದ. ಕತ್ತರಿ ಓಡಿದ ಹಾಗೆ ಅಂಚುಗಳು ಸೊಟ್ಟಸೊಟ್ಟ. ಪ್ರತಿ ಚೀಟಿಗೂ ನಂಬರ್ ಹಾಕಲೇಬೇಕು, ಯಾಕಂದರೆ ನಂಬರ್ ಇಲ್ಲದ ಟಿಕೆಟ್ ಟಿಕೆಟ್ಟೇ ಅಲ್ಲ. ಪ್ರಯಾಣಿಕರು ಕಡಿಮೆ ಬಿದ್ದು ಗೊಂಬೆ, ದಿಂಬು, ಒಂದು ಛತ್ರಿ ಎಲ್ಲ ಹತ್ತಿದ್ದವು. ಪ್ರತಿಯೊಬ್ಬರ ಮುಂದೆಯೂ ನಿಂತು, ಎಡಗೈ ಅಂಗೈಯ ಮೇಲೆ ಚೀಟಿ ಇಟ್ಟುಕೊಂಡು, ಬಸ್ಸು ಕುಲುಕುತ್ತಿದೆ ಅಂತ ಮೈಯನ್ನು ಸ್ವಲ್ಪ ಓಲಾಡಿಸುತ್ತಾ, ನಾಲಿಗೆ ತುದಿ ಹೊರಗೆ ಹಾಕಿ, ನಂಬರ್ ಬರೆದು ಹರಿದುಕೊಡುತ್ತಿದ್ದ. ಛತ್ರಿಗೆ ಕೊಟ್ಟಿದ್ದು 43. ನಾನು ಬಾಗಿಲಲ್ಲೇ ನಿಂತು ನೋಡಿದೆ. ಒಂದು ನಂಬರ್ ಬಿಟ್ಟುಹೋದರೆ ತಾನೇ ನಿಲ್ಲಿಸಿ, ಚೀಲದಲ್ಲಿದ್ದ ಲೆಕ್ಕದ ಕಾಗದ ತೆಗೆದು ಹಿಂದಿನದನ್ನು ನೋಡಿಕೊಂಡು ಸರಿಮಾಡುತ್ತಿದ್ದ. ಅರವತ್ತು ದಾಟುವವರೆಗೂ ನೀರು ಕೇಳಲಿಲ್ಲ. ಬೆರಳು ನೋಯಲಿಲ್ಲ.

ವೈಗೋಟ್‌ಸ್ಕಿ ಅಂತ ಒಬ್ಬರಿದ್ದರು. ಮಕ್ಕಳ ಮನಸ್ಸಿನ ಬಗ್ಗೆ ಅಷ್ಟೊಂದು ಬರೆದು, ಕ್ಷಯದಿಂದ 1934ರಲ್ಲಿ ಮೂವತ್ತೇಳನೇ ವಯಸ್ಸಿಗೇ ಹೋಗಿಬಿಟ್ಟರು. ಬಿ.ಎಡ್. ಓದಿದವರಿಗೆಲ್ಲ ಆ ಹೆಸರು ಗೊತ್ತು, ಪರೀಕ್ಷೆಗೆ ಬರುತ್ತೆ. ಆಟ ಆಡುವಾಗ ಮಗು ತನಗಿಂತ ಒಂದು ತಲೆ ಎತ್ತರವಾಗಿರುತ್ತದೆ ಅನ್ನುವುದು ಅವರ ಮಾತಿನ ಸಾರ. ಆಟ ಅಂದರೆ ಮನಸ್ಸಿಗೆ ಬಂದ ಹಾಗೆ ಮಾಡುವುದು ಅಂತ ನಾವು ಅಂದುಕೊಂಡಿದ್ದೇವೆ, ಅಲ್ವಾ? ಅವರು ಕಂಡಿದ್ದು ಬೇರೆ. ಆಟದಲ್ಲಿ ಮಗು ತನ್ನ ಮನಸ್ಸಿಗೆ ಬಂದದ್ದನ್ನು ತಾನೇ ತಡೆದುಕೊಳ್ಳುತ್ತದೆ. ಕಂಡಕ್ಟರ್ ಆದವನು ಮಧ್ಯದಲ್ಲಿ ಕುರ್ಚಿ ಮೇಲೆ ಹತ್ತಿ ಕುಣಿಯುವ ಹಾಗಿಲ್ಲ. ಯಾರೂ ಬೇಡ ಅಂದಿಲ್ಲ. ಕಂಡಕ್ಟರ್ ಹಾಗೆ ಮಾಡಲ್ಲ, ಅಷ್ಟೇ. ಆ ಕಟ್ಟುಪಾಡು ಹೊರಗಿನಿಂದ ಬಂದರೆ ಬೇಡಿ, ಒಳಗಿನಿಂದ ಬಂದರೆ ಅದೇ ಖುಷಿ.

ಇದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. 1948ರಲ್ಲಿ ಮನುಯ್ಲೆಂಕೊ ಅನ್ನುವ ಸಂಶೋಧಕಿ ಪುಟ್ಟ ಮಕ್ಕಳಿಗೆ ಅಲ್ಲಾಡದೆ ನಿಲ್ಲಿ ಅಂದರು. ಸುಮ್ನೆ ನಿಲ್ಲಿ ಅಂದಾಗ ಬೇಗನೇ ಅಲ್ಲಾಡಿಬಿಟ್ಟರು. ನೀನು ಕಾವಲುಗಾರ ಅಂದಾಗ ಅದೇ ಮಕ್ಕಳು ಎಷ್ಟೋ ಹೆಚ್ಚು ಹೊತ್ತು ಕಲ್ಲಿನ ಹಾಗೆ ನಿಂತರು. ಒಂದು ಮಗುವನ್ನು ಹತ್ತು ನಿಮಿಷ ಸುಮ್ಮನೆ ಕೂರಿಸಲು ಒದ್ದಾಡಿದವರಿಗೆಲ್ಲ ಇದರ ಬೆಲೆ ಗೊತ್ತಾಗುತ್ತದೆ.

ಇನ್ನೂ ಒಂದು ವಿಷಯ ಆ ಟಿಕೆಟ್‌ಗಳಲ್ಲಿತ್ತು. ಆಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಿಕೊಲಾಯ್ ಬರ್ನ್‌ಸ್ಟೈನ್ ಅನ್ನುವ ವಿಜ್ಞಾನಿ 1920ರ ದಶಕದಲ್ಲಿ ಮಾಸ್ಕೋದಲ್ಲಿ ಸುತ್ತಿಗೆ ಹೊಡೆಯುವ ಕೆಲಸಗಾರರ ಚಲನೆಯನ್ನು ಫೋಟೋಗಳಲ್ಲಿ ಹಿಡಿದು ಅಳೆದರು. ಪಳಗಿದ ಕೈಯವನ ಪ್ರತಿ ಏಟೂ ಒಂದೇ ಜಾಗಕ್ಕೆ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟು ಪ್ರತಿ ಸಲವೂ ಸ್ವಲ್ಪ ಬೇರೆ ದಾರಿಯಲ್ಲಿ ಹೋಗುತ್ತಿದ್ದವು. ಅಭ್ಯಾಸ ಅಂದರೆ ಒಂದೇ ಚಲನೆಯನ್ನು ಅಚ್ಚು ಒತ್ತಿದ ಹಾಗೆ ಮತ್ತೆ ಮತ್ತೆ ಮಾಡುವುದಲ್ಲ, ಒಂದೇ ಸಮಸ್ಯೆಯನ್ನು ಮತ್ತೆ ಮತ್ತೆ ಹೊಸದಾಗಿ ಬಿಡಿಸುವುದು ಅಂತ ಅವರು ತಿಳಿದರು. ಡೆಸ್ಕಿನ ಮೇಲೆ ಬರೆಯುವ ನೂರು ಅಂಕಿಗಳು ಒಂದೇ ಅಚ್ಚು. ಅಂಗೈ ಮೇಲೆ, ಓಲಾಡುತ್ತಾ, ಸೊಟ್ಟ ಚೀಟಿಯಲ್ಲಿ ಜಾಗ ಹುಡುಕಿ ಬರೆಯುವ ಅರವತ್ತು ಅಂಕಿಗಳು ಅರವತ್ತು ಬೇರೆ ಬೇರೆ ಬರವಣಿಗೆ. ಯಾವುದರಿಂದ ಕೈ ಜಾಸ್ತಿ ಕಲಿಯಿತು ಅಂತ ನನಗೆ ಅನುಮಾನವೇ ಇಲ್ಲ.

ನಾನು ಮಾಡಿದ್ದು

ಈಗ ಹೇಳಬೇಕಾದ ಭಾಗ. ಬಾಗಿಲಲ್ಲಿ ನಿಂತಿದ್ದ ನನಗೆ ಖುಷಿ ತಡೆಯಲಾಗಲಿಲ್ಲ. ಒಳಗೆ ಹೋಗಿ ಅವನನ್ನು ಎತ್ತಿಕೊಂಡೆ. "ಎಷ್ಟು ಚೆನ್ನಾಗಿ ಬರೆದಿದ್ದೀಯ! ನೋಡು, ಅರವತ್ತೆರಡರವರೆಗೂ ಬಂದಿದ್ದೀಯ. ಇನ್ನು ಮೂವತ್ತೆಂಟು ಬರೆದರೆ ನೂರೇ ಆಯ್ತು, ಹೋಮ್‌ವರ್ಕ್ ಮುಗೀತು! ನೂರು ಮುಗಿಸಿದರೆ ಕಲರ್ ಪೆನ್ಸಿಲ್ ಕೊಡಿಸ್ತೀನಿ" ಅಂದೆ. ಆಮೇಲೆ ಒಂದು ಚೀಟಿ ಎತ್ತಿಕೊಂಡು "ಈ 7 ಮಾತ್ರ ಈ ಕಡೆ ತಿರುಗಬೇಕು ಮರಿ" ಅಂತ ತೋರಿಸಿದೆ.

ಅವನು ಅಳಲಿಲ್ಲ, ಕೋಪ ಮಾಡಿಕೊಳ್ಳಲಿಲ್ಲ. ನನ್ನ ಕೈಯಲ್ಲಿದ್ದ ಚೀಟಿ ನೋಡಿದ. ಕೆಳಗೆ ಇಳಿದ. ಚೀಲ ಹೆಗಲಿಂದ ತೆಗೆದು ಕುರ್ಚಿಗೆ ತೂಗುಹಾಕಿದ. 63, 64 ಬರೆದ, ಡೆಸ್ಕಿನ ಮೇಲೆ ಕೂತು. ಆಮೇಲೆ ಅಂದ, "ಚಿಕ್ಕಮ್ಮ, ಬೆರಳು ನೋಯ್ತಿದೆ."

ಒಂದು ನಿಮಿಷದ ಹಿಂದೆ ಆ ಬೆರಳಿಗೆ ನೋವಿರಲಿಲ್ಲ. ಕಾರ್ಸ್ಟೆನ್ ಅವರ ಗೀಟು ಎಳೆದವರಿಗೆ ಹಾಳೆ ತಿರುಗಿಸಿದ ತಕ್ಷಣ ಕೈ ಹಗುರಾಯಿತು. ನಾನು ಅದರ ಉಲ್ಟಾ ಮಾಡಿದ್ದೆ. ಅವನ ವಿಳಾಸ ಇದ್ದ ಹಾಳೆಯನ್ನು ತಿರುಗಿಸಿ ಗೀಟಿನ ಕಡೆ ಮಾಡಿಟ್ಟಿದ್ದೆ. ನಾನು ಬೈದಿರಲಿಲ್ಲ. ಹೊಗಳಿದ್ದೆ. ಪ್ರೀತಿಯಿಂದಲೇ ಹೊಗಳಿದ್ದೆ. ಅದೇ ನನ್ನನ್ನು ಇವತ್ತಿಗೂ ಕಾಡುವುದು.

1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಅಮೆರಿಕದ ಮೂವರು ಇದನ್ನು ಶಿಶುವಿಹಾರದಲ್ಲಿ ನೋಡಿದ್ದರು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುವುದೆಂದರೆ ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಚಿತ್ರ ಬರೆದರೆ ರಿಬ್ಬನ್ ಕಟ್ಟಿದ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ, ಬರೆದಾದ ಮೇಲೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಕಳೆದ ಮೇಲೆ ಪೆನ್ನುಗಳನ್ನು ಮತ್ತೆ ಸುಮ್ಮನೆ ಇಟ್ಟು ನೋಡಿದರು. ಸರ್ಟಿಫಿಕೇಟಿಗಾಗಿ ಬರೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಹಿಡಿದರು. ಕೇಳದೆ ಸಿಕ್ಕಿದವರಿಗೆ ಏನೂ ಆಗಿರಲಿಲ್ಲ. ಕೆಡಿಸಿದ್ದು ಬಹುಮಾನ ಅಲ್ಲ, ಚಿತ್ರ ಬರೆಯುವುದು ಬಹುಮಾನಕ್ಕಾಗಿ ಅನ್ನುವ ಒಪ್ಪಂದ.

ಲಿಯೊಂಟಿಯೆವ್ ಹೇಳುವ ಇನ್ನೊಂದು ಮಗುವಿನ ಕತೆ ಇದಕ್ಕಿಂತಲೂ ನನ್ನ ಮನಸ್ಸಿಗೆ ಹತ್ತಿರ. ಮಗುವಿಗೆ ಒಂದು ಕೆಲಸ ಕೊಡುತ್ತಾರೆ. ದೂರದಲ್ಲಿರುವ ವಸ್ತುವನ್ನು ಕೂತಲ್ಲಿಂದ ಏಳದೆ ತೆಗೆದುಕೊಳ್ಳಬೇಕು. ದೊಡ್ಡವರು ಹೊರಗೆ ಹೋಗಿ ಮರೆಯಲ್ಲಿ ನಿಂತು ನೋಡುತ್ತಾರೆ. ಎಷ್ಟು ಮಾಡಿದರೂ ಆಗದೆ, ಕೊನೆಗೆ ಮಗು ಎದ್ದು ಹೋಗಿ ವಸ್ತು ತೆಗೆದುಕೊಂಡು ಸದ್ದಿಲ್ಲದೆ ಬಂದು ಕೂರುತ್ತದೆ. ದೊಡ್ಡವರು ಒಳಗೆ ಬಂದು ಹೊಗಳಿ ಮಿಠಾಯಿ ಕೊಡುತ್ತಾರೆ. ಮಗು ಬೇಡ ಅನ್ನುತ್ತದೆ. ತಗೋ ತಗೋ ಅಂತ ಒತ್ತಾಯ ಮಾಡಿದರೆ ಅಳಲು ಶುರುಮಾಡುತ್ತದೆ. ತಪ್ಪು ಮಾಡಿದ್ದು ಯಾರಿಗೂ ಗೊತ್ತಾಗಿಲ್ಲ ಅಂತ ಮಗು ತಿಳಿದುಕೊಂಡಿದೆ. ಆದರೂ ಅಳು. ಮಿಠಾಯಿ ಕಹಿಯಾಗಿದೆ. ಪುಟ್ಟ ಮಗುವಿಗೂ ತಾನು ಮಾಡಿದ್ದಕ್ಕೂ ತನಗೆ ಸಿಕ್ಕಿದ್ದಕ್ಕೂ ಇರುವ ಲೆಕ್ಕ ಒಳಗೆ ನಡೆಯುತ್ತಲೇ ಇರುತ್ತದೆ. ನಾವು ಹೊರಗೆ ನಿಂತು ಸಿಹಿ ಕೊಟ್ಟರೆ ಸಾಕು ಅಂದುಕೊಂಡಿರುತ್ತೇವೆ.

ಹಾಗಂತ ಎಲ್ಲವನ್ನೂ ಆಟ ಮಾಡಿಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಮಗ್ಗಿಯ ಪಕ್ಕ ಒಂದು ನಗುವ ಕರಡಿಯ ಚಿತ್ರ ಹಾಕಿ ಆಟದ ಕಲಿಕೆ ಅನ್ನುವುದು ನನಗೆ ಒಪ್ಪಿಗೆಯಾಗದ ಮಾತು. ಕರಡಿ ನಕ್ಕರೆ ಮಗ್ಗಿ ಯಾತಕ್ಕೆ ಅಂತ ಮಗುವಿಗೆ ಗೊತ್ತಾಗಲ್ಲ. ಟಿಕೆಟ್‌ಗೆ ನಂಬರ್ ಯಾಕೆ ಬೇಕು ಅಂತ ಆ ಹುಡುಗನಿಗೆ ಗೊತ್ತಿತ್ತು. ಕಲಿಕೆಗೆ ತನ್ನದೇ ಆದ ಯಾತಕ್ಕೆ ಇದೆ. ಅದು ಹುಟ್ಟಲು ಸಮಯ ಹಿಡಿಯುತ್ತದೆ, ಮೊದಲ ದಿನವೇ ಇರುವುದಿಲ್ಲ. ಆಡಲು ಬಿಡ್ತಾರೆ ಅಂತ ಪಾಠ ಬರೆಯಲು ಕೂತ ಮಗು, ಬರೆಯುತ್ತಾ ಬರೆಯುತ್ತಾ ಚೆನ್ನಾಗಿ ಬರೆಯಬೇಕು ಅಂತಲೇ ಬರೆಯಲು ಶುರುಮಾಡಬಹುದು. ಲಿಯೊಂಟಿಯೆವ್ ಇದನ್ನೂ ಗಮನಿಸಿದ್ದರು. ಯಾವುದಕ್ಕೋ ದಾರಿಯಾಗಿದ್ದದ್ದೇ ಮುಂದೆ ಗುರಿಯಾಗುತ್ತದೆ. ಪರೀಕ್ಷೆಗೆ ಓದುತ್ತಿರುವ ಹುಡುಗನಿಗೆ ಗೆಳೆಯ ಬಂದು, ಈ ಪುಸ್ತಕ ಪರೀಕ್ಷೆಗೆ ಇಲ್ಲವಂತೆ ಅಂದರೆ ಏನಾಗುತ್ತದೆ ನೋಡಿ ಅನ್ನುತ್ತಾರೆ ಅವರು. ಒಬ್ಬ ತಕ್ಷಣ ಮುಚ್ಚಿಡುತ್ತಾನೆ. ಇನ್ನೊಬ್ಬ ಓದುತ್ತಲೇ ಇರುತ್ತಾನೆ. ಮತ್ತೊಬ್ಬ ಮುಚ್ಚಿಡುತ್ತಾನೆ, ಆದರೆ ಮನಸ್ಸಿಲ್ಲದ ಮನಸ್ಸಿನಿಂದ. ಅಲ್ಲಿಯವರೆಗೆ ಮೂವರೂ ಒಂದೇ ಮೇಜಿನಲ್ಲಿ, ಒಂದೇ ಪುಸ್ತಕವನ್ನು, ಒಂದೇ ರೀತಿ ಓದುತ್ತಿದ್ದ ಹಾಗೆ ಕಾಣುತ್ತಿತ್ತು.

ಆ ಮಾತು ಓದಿದ ಮೇಲೆ ನನ್ನ ಓದಿನ ವರ್ಷಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಹೆಚ್ಚಿನ ಪುಸ್ತಕಗಳನ್ನು ತಕ್ಷಣ ಮುಚ್ಚಿಡುತ್ತಿದ್ದೆ. ಓದುತ್ತಲೇ ಇರುತ್ತಿದ್ದವು ಎರಡು ಮಾತ್ರ ಸಿಕ್ಕವು. ಆ ಎರಡರಲ್ಲಿ ಓದಿದ್ದು ಇವತ್ತಿಗೂ ನೆನಪಿದೆ.

ಪ್ರಾಣಿ ಅಟ್ಟುವವನು

ದೊಡ್ಡವರ ಕೆಲಸಕ್ಕೆ ಬಂದಾಗ ಲೆಕ್ಕ ಇನ್ನೂ ಕಷ್ಟ. ಲಿಯೊಂಟಿಯೆವ್ ಕೊಡುವ ಒಂದು ಉದಾಹರಣೆ ಬಹಳ ಪ್ರಸಿದ್ಧ. ಹಿಂದಿನ ಕಾಲದ ಗುಂಪು ಬೇಟೆ. ಕೆಲವರು ಪೊದೆಗಳ ಹಿಂದೆ ಹೊಂಚು ಹಾಕಿ ಕೂತಿದ್ದಾರೆ. ಇನ್ನೊಬ್ಬನ ಕೆಲಸ ಕೂಗಿ, ಗದ್ದಲ ಎಬ್ಬಿಸಿ ಪ್ರಾಣಿಯನ್ನು ಓಡಿಸುವುದು. ಅವನಿಗೂ ಹಸಿವೇ. ಅವನಿಗೂ ಬೇಕಾಗಿರುವುದು ಆ ಪ್ರಾಣಿಯೇ. ಆದರೆ ಅವನು ಮಾಡುತ್ತಿರುವುದು ಅದನ್ನು ತನ್ನಿಂದ ದೂರ ಅಟ್ಟುವುದು. ಅವನೊಬ್ಬನನ್ನೇ ನೋಡಿದರೆ ಇವನಿಗೇನಾಗಿದೆ ಅನ್ನಿಸುತ್ತದೆ. ಪೊದೆಯ ಹಿಂದಿರುವವರನ್ನು ಸೇರಿಸಿ ನೋಡಿದರೆ ಮಾತ್ರ ಅವನ ಕೆಲಸಕ್ಕೆ ಅರ್ಥ.

ನಮ್ಮೆಲ್ಲರ ಕೆಲಸವೂ ಹೆಚ್ಚುಕಡಿಮೆ ಪ್ರಾಣಿ ಅಟ್ಟುವ ಕೆಲಸವೇ. ತೊಂದರೆ ಏನಂದರೆ, ಅವನಿಗೆ ಪೊದೆಯ ಹಿಂದೆ ಯಾರಿದ್ದಾರೆ ಅಂತ ಗೊತ್ತಿತ್ತು. ನಮಗೆ ಯಾರೂ ಹೇಳುವುದಿಲ್ಲ.

ನನ್ನ ಮೊದಲ ಕೆಲಸ ಅಂಕಿಗಳನ್ನು ಟೈಪ್ ಮಾಡುವುದು. ಕೈಬರಹದ ಫಾರಂಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ಹನ್ನೊಂದು ಕಾಲಂ. ಕಾಲಂಗಳಿಗೆ ಹೆಸರಿರಲಿಲ್ಲ, ಬರೀ ನಂಬರ್. "ಏನಿದೆಯೋ ಹಾಗೇ ಹೊಡೀರಿ, ತಲೆ ಓಡಿಸಬೇಡಿ" ಅಂತ ಮೊದಲ ದಿನವೇ ಹೇಳಿದ್ದರು. ಮೂರು ತಿಂಗಳು ಹಾಗೇ ಹೊಡೆದೆ. ಮಧ್ಯಾಹ್ನ ಮೂರರ ಹೊತ್ತಿಗೆ ಭುಜ ಕಲ್ಲಾಗುತ್ತಿತ್ತು. ನಾಲ್ಕನೇ ಕಾಲಂ ಮತ್ತು ಏಳನೇ ಕಾಲಂನಲ್ಲಿ ಕೆಲವೊಮ್ಮೆ ಅಂಕಿಯ ಹಿಂದೆ ಒಂದು ಸಣ್ಣ ಗೆರೆ ಇರುತ್ತಿತ್ತು. ಮೈನಸ್ಸೋ, ಪೆನ್ನು ಜಾರಿದ್ದೋ ಗೊತ್ತಾಗುತ್ತಿರಲಿಲ್ಲ. ಅನುಮಾನ ಬಂದರೆ ಮೈನಸ್ ಹೊಡೆದು ಮುಂದೆ ಹೋಗುತ್ತಿದ್ದೆ. ಅದನ್ನು ಬರೆಯುವಾಗ ಈಗಲೂ ಎದೆ ಹಿಂಡಿದ ಹಾಗಾಗುತ್ತದೆ.

ಒಂದು ದಿನ ಪ್ರಿಂಟ್ ಆದ ಚೀಟಿಗಳನ್ನು ಕೆಳಗಿನ ಮಹಡಿಗೆ ಕೊಂಡೊಯ್ಯುವವರು ಬಂದಿರಲಿಲ್ಲ. ನಾನೇ ಹೋದೆ. ಅಲ್ಲಿ ಉದ್ದದ ಮೇಜು, ಮೇಜಿನ ತುಂಬ ಸಣ್ಣ ಸಣ್ಣ ಟ್ರೇ. ಪ್ರತಿ ಟ್ರೇಯಲ್ಲೂ ಒಂದು ಕನ್ನಡಕದ ಫ್ರೇಮ್, ಎರಡು ದುಂಡನೆ ಗಾಜು. ಅವುಗಳ ಕೆಳಗೆ ನಾನು ಟೈಪ್ ಮಾಡಿದ ಚೀಟಿ. ನನ್ನ ಹನ್ನೊಂದು ಕಾಲಂಗಳು. ವಯಸ್ಸಾದ ಒಬ್ಬರು ಲೆನ್ಸನ್ನು ಬೆಳಕಿಗೆ ಹಿಡಿದು, ಚೀಟಿ ನೋಡಿ, ಉಪಕರಣದಲ್ಲಿ ಇಟ್ಟು ಬಹಳ ನಿಧಾನವಾಗಿ ತಿರುಗಿಸುತ್ತಿದ್ದರು. ಒಂದು ಕೂದಲಿನಷ್ಟು ಈ ಕಡೆ, ಒಂದು ಕೂದಲಿನಷ್ಟು ಆ ಕಡೆ. ಸರಿಹೋದಾಗ ಗಾಜಿನ ಮೇಲೆ ಪುಟ್ಟ ಚುಕ್ಕೆ ಇಟ್ಟರು.

"ನೀವೇನಾ ಮೇಡಂ ಮೇಲೆ ಟೈಪ್ ಮಾಡೋದು?" ಅಂದರು. ಹೌದು ಅಂದೆ. ಚೀಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಇದು ಬಲಗಣ್ಣಿನ ಪವರ್. ಇದು ಸಿಲಿಂಡರ್. ಇದು ಆಕ್ಸಿಸ್, ಒಂದರಿಂದ ನೂರ ಎಂಬತ್ತರೊಳಗೆ ಇರಬೇಕು, ಗಾಜನ್ನು ಎಷ್ಟು ಡಿಗ್ರಿ ತಿರುಗಿಸಿ ಕೂರಿಸಬೇಕು ಅಂತ ಹೇಳುತ್ತೆ. "ಇದೊಂದು ತಪ್ಪಾದ್ರೆ ಹಾಕ್ಕೊಂಡವರಿಗೆ ನೆಲ ಓರೆ ಕಾಣ್ಸುತ್ತೆ. ಪಾಪ, ತಮ್ಮ ಕಣ್ಣೇ ಕೆಟ್ಟಿದೆ ಅಂದ್ಕೋತಾರೆ" ಅಂದರು. ನನ್ನನ್ನು ಬೈಯಲಿಲ್ಲ. ಇನ್ನೊಂದು ಟ್ರೇ ಎಳೆದುಕೊಂಡರು.

ಮೇಲೆ ಬಂದು ಕೂತೆ. ಅದೇ ಕುರ್ಚಿ, ಅದೇ ಕೀಬೋರ್ಡ್, ಅದೇ ಸಂಬಳ. ಮೊದಲ ಫಾರಂ ಎತ್ತಿಕೊಂಡೆ. ನಾಲ್ಕನೇ ಕಾಲಂನಲ್ಲಿ ಅಂಕಿಯ ಹಿಂದೆ ಸಣ್ಣ ಗೆರೆ. ಎದ್ದು ಹೋಗಿ ಕೇಳಿದೆ. ಆ ದಿನದಿಂದ ನಾನು ಕೇಳುವುದು ಜಾಸ್ತಿಯಾಯಿತು. ಮೊದಲಿಗೆ ಮೇಲಿನವರಿಗೆ ಇಷ್ಟ ಆಗಲಿಲ್ಲ, ನಿಧಾನ ಆಗುತ್ತೆ ಅಂದರು. ಸಂಜೆಗೆ ದಣಿವು ಆಗುತ್ತಿತ್ತು, ಆಗದೇ ಏನು. ಆದರೆ ಮೂರು ಗಂಟೆಗೆ ಭುಜ ಕಲ್ಲಾಗುವುದು ನಿಂತುಹೋಯಿತು. ಆಕ್ಸಿಸ್ 200 ಅಂತ ಯಾರೋ ಬರೆದಿದ್ದರೆ ಕೈ ತಾನಾಗಿಯೇ ನಿಲ್ಲುತ್ತಿತ್ತು. ಮೂರು ತಿಂಗಳು ಅಂಥ ಎಷ್ಟು ಅಂಕಿಗಳು ಈ ಬೆರಳುಗಳ ಕೆಳಗೆ ಹಾದುಹೋಗಿದ್ದವೋ. ಆಗ ಅವು ಬರೀ ಅಂಕಿ.

ಇದನ್ನು ಯಾರಾದರೂ ಓದಿ, ಕೆಲಸಗಾರರಿಗೆ ಉದ್ದೇಶ ತಿಳಿಸಿಬಿಟ್ಟರೆ ಸಾಕು, ಸಂಬಳ, ವಿಶ್ರಾಂತಿ ಕಡಿಮೆಯಾದರೂ ನಡೆಯುತ್ತೆ ಅಂದುಕೊಂಡರೆ ನನಗೆ ನೋವಾಗುತ್ತದೆ. ನಾನು ಹೇಳುತ್ತಿರುವುದು ಅದಲ್ಲ. ಹಸಿದವನಿಗೆ ಪಾಲು ಕೊಡದೆ ನಿನ್ನ ಗದ್ದಲದಿಂದಲೇ ಬೇಟೆ ಆಯಿತು ಅಂತ ಹೊಗಳಿದರೆ, ಅದು ಆ ಮಗುವಿಗೆ ಕೊಟ್ಟ ಮಿಠಾಯಿಯಷ್ಟೇ ಕಹಿ. ಪಾಲು ಬೇಕು. ಪೊದೆಯ ಹಿಂದೆ ಏನಾಗುತ್ತಿದೆ ಅನ್ನುವುದೂ ಬೇಕು. ಒಂದು ಮೆಟ್ಟಿಲ ಸಾಲು ಇಳಿದರೆ ಕಾಣುವಂಥದ್ದನ್ನು ಮೂರು ತಿಂಗಳು ನನಗೆ ಯಾರೂ ತೋರಿಸಲಿಲ್ಲವಲ್ಲ. ಮುಚ್ಚಿಡಬೇಕು ಅಂತ ಯಾರೂ ಮುಚ್ಚಿಟ್ಟಿರಲಿಲ್ಲ. ತೋರಿಸಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ, ಅಷ್ಟೇ. ದಿನಕ್ಕೆ ಎಷ್ಟು ಫಾರಂ ಆಯಿತು ಅಂತ ಮಾತ್ರ ಕೇಳುತ್ತಿದ್ದರು. ಗೋಡೆಯ ಮೇಲೆ ದಿನಕ್ಕೊಂದು ಪೆನ್ಸಿಲ್ ಗೆರೆ ಎಳೆದ ಹಾಗೆ.

ಅಕ್ಕನ ಮಗ ಆ ರಜೆಯಲ್ಲಿ ಮತ್ತೆ ಕಂಡಕ್ಟರ್ ಆಗಲಿಲ್ಲ. ಕಲರ್ ಪೆನ್ಸಿಲ್ ಬಗ್ಗೆಯೂ ಕೇಳಲಿಲ್ಲ. ಚೀಟಿಗಳನ್ನು ಅಕ್ಕ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದಳು.

ಐದಾರು ತಿಂಗಳು ಕಳೆದಿತ್ತು. ಇನ್ನೊಮ್ಮೆ ಹೋದಾಗ ಕುರ್ಚಿಗಳು ಸಾಲಾಗಿದ್ದವು. ನಾನು ಏನೂ ಮಾತಾಡದೆ ಛತ್ರಿಯ ಪಕ್ಕ ಹೋಗಿ ಕೂತೆ. ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ಆಮೇಲೆ ಹೆಗಲ ಮೇಲಿನ ಚೀಲ ಸರಿಮಾಡಿಕೊಂಡು ಹತ್ತಿರ ಬಂದು "ಎಲ್ಲಿಗೆ?" ಅಂದ. ಕೊನೇ ಸ್ಟಾಪಿಗೆ ಅಂದೆ. ಅಂಗೈ ಮೇಲೆ ಚೀಟಿ ಇಟ್ಟುಕೊಂಡು, ಓಲಾಡುತ್ತಾ ಬರೆದು ಹರಿದುಕೊಟ್ಟ. 27. ಎರಡು ನೆಟ್ಟಗಿತ್ತು, ಏಳು ಇನ್ನೂ ಆ ಕಡೆಗೇ ತಿರುಗಿತ್ತು. "ಚೆಕಿಂಗ್‌ನವರು ಬರ್ತಾರೆ, ಹುಷಾರಾಗಿ ಇಟ್ಕೊಳ್ಳಿ" ಅಂತ ಹೇಳಿ ಮುಂದಿನ ಸೀಟಿಗೆ ಹೋದ. ನಾನು ಟಿಕೆಟ್ಟನ್ನು ನಾಲ್ಕಾಗಿ ಮಡಿಸಿ ಮುಷ್ಟಿಯಲ್ಲಿ ಇಟ್ಟುಕೊಂಡೆ. ಕೊನೇ ಸ್ಟಾಪ್ ಬರಲು ಬಹಳ ಹೊತ್ತು ಹಿಡಿಯಿತು.